ಕಾಲಿಗೆ ಮಾತ್ರ ಗಾಳಿ

ಮೂರು ವಾರದಿಂದ ನನ್ನ ಪಾದಗಳು ಮಾತ್ರ
ಚಳಿಗಾಲದಲ್ಲಿವೆ.
ಮುಖ ಏಪ್ರಿಲ್ಲಿನಲ್ಲೇ ಇದೆ, ಕಾರವಾರದ ಏಪ್ರಿಲ್ಲು,
ಬೆನ್ನು ಸೀಟಿಗಂಟಿ, ಅಂಗೈ ಸ್ಟಿಯರಿಂಗಿಗಂಟಿ
ಕೋಡಿಬಾಗ ದಾಟುವಷ್ಟರಲ್ಲಿ
ನಾನು ಅರ್ಧ ಬೆಂದ ಶೆಟ್ಲಿ.

ತೊಂಬತ್ತೆಂಟರ ಎಸ್ಟೀಮ್. ಇದಕ್ಕೆ ನಾನು ನಾಲ್ಕನೆಯವಳು.
ನನಗಿಂತ ಮೊದಲು ಭಟ್ಕಳದವರೊಬ್ಬರು,
ಅದಕ್ಕೂ ಮೊದಲಿನವರ ಹೆಸರು
ಆರ್.ಸಿ. ಪುಸ್ತಕದಲ್ಲಿ ಒದ್ದೆಯಾಗಿ ಹರಡಿಹೋಗಿದೆ.

ಫ್ಯಾನು ಒಂದರಲ್ಲಿಲ್ಲ, ಎರಡರಲ್ಲಿಲ್ಲ, ಮೂರರಲ್ಲಿಲ್ಲ;
ನಾಲ್ಕಕ್ಕೆ ತಿರುಗಿಸಿದರೆ ಒಮ್ಮೆಲೇ ಕೂಗುತ್ತದೆ,
ಸಣ್ಣ ದನಿಯೇ ಗೊತ್ತಿರದ ನನ್ನ ಸೋದರತ್ತೆಯ ಹಾಗೆ.
ಕಿಂಡಿಗಳಿಂದ ಗಾಳಿಗೆ ಬದಲು ಕರೀ ಚೂರು,
ಇರುವೆಯಷ್ಟು, ಹಗುರ,
ಬಿಳಿ ಕೋಟಿನ ಮೇಲೆ ಬಂದು ಕೂರುತ್ತವೆ.

ಜಿಲ್ಲಾಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ರಕ್ತ ನೋಡುವವಳು ನಾನು.
ಭುಜ ನೋವೆಂದು ಬಂದವರ ಪಿತ್ತಕೋಶ,
ಕಾಲು ಜೋಮೆಂದು ಬಂದವರ ಸಕ್ಕರೆ.
ನೋಯುವಲ್ಲೇ ರೋಗ ಇರುವುದಿಲ್ಲ, ಗೊತ್ತು.
ಆದರೂ ಗ್ಯಾಸ್ ತುಂಬಿಸಿದೆ,
ಎರಡು ಸಲ, ದುಡ್ಡು ಕೊಟ್ಟು.

ಬೈತಖೋಲದ ಏರಿನಲ್ಲಿ ರೋಹಿದಾಸ ತಾಂಡೇಲನ ಶೆಡ್ಡು.
ಅವ ಬಾನೆಟ್ಟು ಎತ್ತಲಿಲ್ಲ, ಗೇಜು ಹಾಕಲಿಲ್ಲ.
ಒಂದು ಊದುಬತ್ತಿ ಹಚ್ಚಿದ.

ನಡುವಿನ ಕಿಂಡಿಗೆ ಹಿಡಿದ: ಹೊಗೆ ನೆಟ್ಟಗೆ ಮೇಲೆ,
ತನಗೂ ಇದಕ್ಕೂ ಸಂಬಂಧವಿಲ್ಲದಂತೆ.
ಎಡಗಡೆಗೆ: ಒಂಚೂರು ನಡುಗಿತು.
ಗಾಜಿನ ಬುಡಕ್ಕೆ: ಓಡಿತು.
ಬಗ್ಗಿ ಪೆಡಲಿನ ಹತ್ತಿರ ಹಿಡಿದದ್ದೇ ತಡ
ಚಿಂದಿ ಚಿಂದಿ.

"ಗಾಳಿ ಹುಟ್ತಾ ಅದೆ ಬಾಯಿ. ತಂಪೂ ಅದೆ.
ದಾರಿಯಲ್ಲಿ ಯಾರೋ ಕದ ಹಾಕಿದಾರೆ."

ಗ್ಲೌ ಬಾಕ್ಸು ಕಳಚಿ ಹಿಂದಿನ ಸೀಟಿಗೆಸೆದು
ನನ್ನ ಕೈಗೆ ಟಾರ್ಚು ಕೊಟ್ಟು
ಶೇವಿಂಗ್ ಕನ್ನಡಿಯೊಂದನ್ನು ಕತ್ತಲೆಗೆ ತೂರಿಸಿ
ಅಂಗಾತ ಮಲಗಿದ, ಕಾಲು ಹೊರಗೆ ರಸ್ತೆಗೆ.
ನಿಮ್ಮಜ್ಜನೂ ಹೀಗೇ ಹಾಯಿಯ ಕೆಳಗೆ ಮಲಗಿ
ಗಾಳಿಯ ದಿಕ್ಕು ನೋಡುತ್ತಿದ್ದರಾ, ಕೇಳಿದೆ.
"ಅಜ್ಜನಾ? ಅವನದು ಡೀಸೆಲ್ ಬೋಟು."

ಮೊದಲು ಬಂತು ರೆಸಿಸ್ಟರು, ಹಸಿರುಗಟ್ಟಿ.
ಕಡಲ ದಂಡೆಯಲ್ಲಿ ಉಪ್ಪು ತಿಂದದ್ದು
ನೀರು ಕುಡಿದೇ ಸತ್ತಿದೆ.
ಆಮೇಲೆ ಕದದ ಅಂಚಿನ ಸ್ಪಂಜು, ಮುಟ್ಟಿದರೆ ಪುಡಿ:
ಇವೇ ನನ್ನ ಕೋಟಿನ ಇರುವೆಗಳು.
ಆಮೇಲೆ, ಕಿಂಡಿಯ ಗಂಟಲಿನಿಂದ, ಇಕ್ಕಳದ ತುದಿಗೆ,
ಒಂದು ತುಂಡು ಸುರಗಿ ದಂಡೆ.

ಒಣಗಿ ಕಂದಾಗಿದೆ. ಮೂಸಿದೆ. ಇದೆ, ಇನ್ನೂ.
ನಮ್ಮನೆಯಲ್ಲಿ ಹೂ ಮುಡಿಯುವವರಿಲ್ಲ.
ಭಟ್ಕಳದವರೋ, ಆ ಒದ್ದೆ ಹೆಸರಿನವರೋ,
ಯಾವ ಮದುವೆಗೆ ಹೋಗುವ ದಾರಿಯಲ್ಲೋ
ಕಾರೆಲ್ಲ ಘಮ್ಮೆನ್ನಲಿ ಅಂತ ತುರುಕಿ, ಮರೆತು...
ನಾನಿನ್ನೂ ಕಥೆ ಕಟ್ಟುತ್ತಿದ್ದೆ, ಅವನೆಂದ:
"ಇದಲ್ಲ. ಇದು ಸುಮ್ಮನೆ ಕೂತಿತ್ತು.
ಕೇಬಲ್ಲಿನ ಕ್ಲಿಪ್ಪು ಮುರಿದದೆ.
ನೀವು ಮೇಲೆ ತಿರುಗಿಸ್ತೀರಿ,
ಒಳಗೆ ಯಾರಿಗೂ ಕೇಳೂದಿಲ್ಲ."

ಕಿರುಬೆರಳ ಉಗುರಿನಷ್ಟು ಪ್ಲಾಸ್ಟಿಕ್ಕು.
ಈಗ ಎಲ್ಲೂ ಸಿಗುವುದಿಲ್ಲ.
ಗಾಳದ ನೈಲಾನು ದಾರ ಏಳು ಸುತ್ತು ಸುತ್ತಿ,
ಹಲ್ಲಿನಲ್ಲಿ ಗಂಟು ಬಿಗಿದು, ತಳ್ಳಿ ಅಂದ.
ತಳ್ಳಿದೆ. ಒಳಗೆಲ್ಲೋ
ಒಂದು ಕದ ಟಪ್ ಎಂದಿತು.

ಮುಖಕ್ಕೆ ಬಂತು.
ಹಣೆಗೆ, ರೆಪ್ಪೆಗೆ, ಮೇಲ್ದುಟಿಯ ಬೆವರಿಗೆ.
ಎಷ್ಟು ಹೊತ್ತು ಹಾಗೇ ಕೂತಿದ್ದೆನೋ,
"ಬ್ಯಾಟರಿ ಇಳೀತದೆ" ಅಂದ.

ರೆಸಿಸ್ಟರು ಹುಬ್ಬಳ್ಳಿಯಿಂದ ಬರಬೇಕಂತೆ, ಸೋಮವಾರ.
ಅಲ್ಲಿಯವರೆಗೆ ಅತ್ತೆಯ ದನಿಯಲ್ಲೇ.

ಎಲ್ಲ ಜೋಡಿಸಿದ ಮೇಲೆ ಒಂದು ಸ್ಕ್ರೂ ಉಳಿಯಿತು.
ಎಲ್ಲಿಯದು ಇದು?
ಬೆಳಕಿಗೆ ಹಿಡಿದು ನೋಡಿದ. "ಗೊತ್ತಿಲ್ಲ.
ಹೂವಿನ ಸಂಗ್ತಿ ಇಟ್ಕೊಳ್ಳಿ."