ವೀಕ್ಷಕ

ಚಾಕಣದ ಯೂನಿಯನ್ ಖೋಲಿ. ತಗಡಿನ ಮ್ಯಾಲೆ ಮೇ ತಿಂಗಳ ಬಿಸಿಲು.
ಶಿತೋಳೆಯ ಮಗಳ ಲ್ಯಾಪ್‌ಟಾಪು, ಒಂದ ಇಯರ್‌ಫೋನು,
ಇಬ್ಬರಿಗೂ ಒಂದೊಂದು ಕಿವಿ.
ಜರ್ಮನಿಯೊಳಗ ಹತ್ತೂವರಿ. ಇಲ್ಲಿ ಎರಡು ಹೊಡದೈತಿ,
ಸೆಕೆಂಡ್ ಶಿಫ್ಟಿನ ಬಸ್ಸು ಗೇಟಿನಾಗ ಮಂದಿ ಇಳಸಾಕ ಹತ್ತೈತಿ.

ಪರದೆ ಮ್ಯಾಲೆ ನನ್ನ ಚೌಕಟ್ಟಿನ ಕೆಳಗ ಬರದಾರ:
ಸಿದರಾಯ ಹೊರ್ತಿ, ಪುಣೆ, ವೀಕ್ಷಕ.
ಕೇಳಬಹುದು. ಕೈ ಎತ್ತಿದರ ಎಣಸೂದಿಲ್ಲ. ಮೈಕಿಗೆ ಅವರದ ಕೀಲಿ.
ಯುರೋಪಿನ ಕಾಯ್ದೆ ನಮ್ಮ ತನಕ ಬರೂದಿಲ್ಲ;
ದೀಪಾವಳಿಗೆ ಮಿಠಾಯಿ ಡಬ್ಬಿ ಬರತೈತಿ,
ಮುಚ್ಚಳದ ಮ್ಯಾಲೆ ಬಂಗಾರದ ಅಕ್ಷರ: 'ನಾವೆಲ್ಲ ಒಂದೇ ಕುಟುಂಬ'.
ಅದರಾಗ ಈಗ ಪಾವತಿ ಪುಸ್ತಕ ಇಡತೇವಿ.

ಮಂದಿ ಗಾಡಿ ಕೊಳ್ಳವಲ್ಲರು. ಬ್ರೇಕಿನ ವಾಲ್ವು ಯಾರಿಗೆ ಬೇಕು?
ಮೂರನೇ ಲೈನು ಮಲಗಿ ಎಂಟ ತಿಂಗಳಾತು.
ಕಂತ್ರಾಟದ ಹುಡುಗರು ಮೊದಲ ಹೋದರು.
ಅವರ ಹೆಸರು ಈ ಸಭಾಕ್ಕ ಗೊತ್ತಿಲ್ಲ,
ನಮ್ಮ ಪಾವತಿ ಪುಸ್ತಕದಾಗೂ ಇಲ್ಲ.
ಅವರನ್ನ ನಾವೂ ಬಿಟ್ಟಿದ್ವಿ, ಒಪ್ಪಬೇಕು.

ಎಚ್‌ಆರ್ ಸಾಹೇಬ ಹೋದ ವಾರ ಮೆಲ್ಲಕ ಹೇಳಿದ್ದ,
ಜಡ್ಡಿನ ಸುದ್ದಿ ಮನಿಯವರಿಗೆ ಹೇಳಿದಂಗ:
ಚೆಕ್ ದೇಶದಾಗ ಒಂದ ವಾಲ್ವಿಗೆ ನಲವತ್ತೊಂದು ಸೆಕೆಂಡು,
ನಿಮ್ಮದು ಐವತ್ತು.
ಎರಡರಾಗ ಒಂದ ಕಾರಖಾನಿ ಉಳಿಯೂದು.

ಪರದೆಯ ಮೂಲ್ಯಾಗ ಒಬ್ಬಾಕಿ ಕೈ ಎತ್ತಿದಳು.
ಝ್ದೆಂಕಾ. ಹಣಿ ಮ್ಯಾಲೆ ಕನ್ನಡಕ, ಹೆಬ್ಬೆರಳಿಗೆ ಪಟ್ಟಿ,
ಹಿಂದ ಗ್ವಾಡಿಗೆ ನಮ್ಮದ ಕ್ಯಾಲೆಂಡರು.
ಅಕಿ ಚೆಕ್ಕಿನಾಗ ಅಂದದ್ದು ಇಂಗ್ಲಿಷ್ ಆತು,
ಶಿತೋಳೆ ಅದನ್ನ ಮರಾಠಿ ಮಾಡಿದ,
ನನ್ನೊಳಗ ಬಂದು ಕನ್ನಡಕ್ಕ ಇಳೀತು:
"ಪುಣೆಯಾಗ ನಲವತ್ತೊಂದು, ನಿಮ್ಮದು ಐವತ್ತು
ಅಂತ ನಮಗ ಹೇಳ್ಯಾರ. ಖರೇ ಏನು?"

ದುಭಾಷಿ ಕೆಮ್ಮಿದ.
ಮ್ಯಾನೇಜಮೆಂಟಿನ ಚೌಕಟ್ಟು ಒಂದೊಂದ ಕಪ್ಪಾದವು.
ಅಧ್ಯಕ್ಷ ಅಂದ: ವೀಕ್ಷಕರ ಸರದಿ ಅಜೆಂಡಾದಾಗ ಇಲ್ಲ.

ಪಾವತಿ ಪುಸ್ತಕ ಸುರುವಿದೆ.
ಮುಚ್ಚಳ ತಿರಿವಿ, ಬಂಗಾರದ ಬೆನ್ನಿಗೆ
ಮಾರ್ಕರಿನಿಂದ ಬರದೆ, ದಪ್ಪಗ: 50.
ಕ್ಯಾಮೆರಾಕ್ಕ ಹಿಡದೆ. ಕೈ ನಡಗತಿತ್ತು, ಅಂಕಿ ಓದಾಕ ಬರತಿತ್ತೋ ಇಲ್ಲೋ.
ಝ್ದೆಂಕಾ ಕನ್ನಡಕ ಇಳಿಸಿ ನೋಡಿದಳು.
ನಗಲಿಲ್ಲ. ಪೆನ್ನು ಹುಡಿಕಿದಳು.
ಅಷ್ಟರಾಗ ನೆಟ್ಟು ಹೋತು.

ಶಿಫ್ಟಿಗೆ ಹನ್ನೆರಡ ಮಿನಿಟು ತಡ; ಅರ್ಧ ತಾಸಿನ ಪಗಾರ ಹೋತು.
ಮೊದಲ ವಾಲ್ವು ಹಚ್ಚಿದೆ, ಬಾಯೊಳಗ ಎಣಿಸಿಕೊಂತ.
ನಲವತ್ತೇಳಕ್ಕ ಮುಗೀತು.
ಬೆಲ್ಟಿಗೆ ಇಡಲಿಲ್ಲ.
ಕೈಯಾಗ ಹಿಡಕೊಂಡ ನಿಂತೆ.
ನಲವತ್ತೆಂಟು. ನಲವತ್ತೊಂಬತ್ತು.