ಚಕ್ಕೋತ

ಮೈನಸ್ ಎಂಬತ್ತರ ಚಳಿಯಲ್ಲಿ
ಯಾರದೋ ಪಿತ್ತಜನಕಾಂಗ ಅರೆದ ಗಂಜಿ,
ಕಿರುಬೆರಳಿಗಿಂತ ಸಣ್ಣ ನಳಿಕೆಗಳಲ್ಲಿ.
ಹೆಸರಿಲ್ಲ. ಹೆಣ್ಣು, ಐವತ್ತೆರಡು.

ಮೈಬಿಸಿಗೆ ತಂದು, ಕೊಬ್ಬಿಳಿಸುವ ಮಾತ್ರೆಯ ಚಿಟಿಕೆ ಹಾಕಿ
ಐದು ನಿಮಿಷ, ಹತ್ತು, ಇಪ್ಪತ್ತು:
ಎಷ್ಟು ಮುರಿಯಿತು, ಎಷ್ಟು ಉಳಿಯಿತು,
ಬರೆದಿಡುವುದು ನನ್ನ ಕೆಲಸ.

ಆಯಿ ನಗುತ್ತಾಳೆ. ಬೈತಖೋಲದ ದಂಡೆಯಲ್ಲಿ
ಸೊರಮೀನಿನ ಈಲಿ ಕುದಿಸಿ ಎಣ್ಣೆ ತೆಗೆದು
ದೋಣಿಯ ಹೊಟ್ಟೆಗೆ ಬಳಿದವಳು.
"ಅದೇ ಕೆಲಸ ಬಿಡು. ನಿಂದು ಒಲೆ ಸಣ್ಣದು, ನಾತ ಕಡಿಮೆ."

ಥಾಕು ತಾಂಡೇಲ ಬಂದದ್ದು ಮಂಗಳವಾರ,
ಹೊರರೋಗಿ ವಿಭಾಗದ ಮೆಟ್ಟಿಲು ಕೂತು ಕೂತು ಹತ್ತಿ.
ತೊಡೆ ಯಾರೋ ಹಿಂಡಿದ ಹಾಗೆ, ಬಲೆಯ ಹಗ್ಗ ಕೈಗೆ ನಿಲ್ಲದು,
ಉಚ್ಚೆ ಕರಿ ಚಹದ ಬಣ್ಣ.
ಮಾತ್ರೆ ಅದೇ, ದಿನಕ್ಕೊಂದೇ.
ಮತ್ತೇನು ತಿಂತೀರಿ?
ಏನಿಲ್ಲ. ರಾತ್ರಿ ಒಂದು ಚಕ್ಕೋತ.
ಸದಾಶಿವಗಡದಿಂದ ತಂಗಿ ಕಳಿಸ್ತದೆ, ಚೀಲಗಟ್ಟಲೆ.

ಒಂದು ಕೇಳಿ ತಂದೆ. ರಸ ಹಿಂಡಿ ನಾಲ್ಕು ಹನಿ
ಆ ಹೆಸರಿಲ್ಲದವಳ ಗಂಜಿಗೆ ಬಿಟ್ಟೆ.
ಇಳಿಯಬೇಕಾದ ಗೆರೆ ಇಳಿಯಲಿಲ್ಲ,
ಇಳಿತ ಮರೆತ ಕಾಳಿಯ ಅಳಿವೆಯಂತೆ
ಹಾಳೆಯ ತುಂಬ ನಿಂತೇ ಇತ್ತು.

ಮಾತ್ರೆ ನಿಲ್ಲಿಸಿದರು ಡಾಕ್ಟರು. ಹಣ್ಣೂ, ಎಂದೆ ನಾನು.
ತಾಂಡೇಲ ಬಹಳ ಹೊತ್ತು ಕಿಟಕಿ ನೋಡಿದ.
"ತಂಗಿಗೆ ಯಾರು ಹೇಳೂದು?"

ಉಳಿದ ತೊಳೆಗಳಿಗೆ ಉಪ್ಪು ಮೆಣಸು ಹಚ್ಚಿ
ಪಡಸಾಲೆಯಲ್ಲಿ ನಿಂತು ತಿಂದೆ.
ಹೆಣ್ಣು, ಐವತ್ತೆರಡು:
ನಮೂನೆಯಲ್ಲಿ ಬೀಡಿಗೆ ಕಲಂ ಇದೆ, ಹೆಂಡಕ್ಕಿದೆ.
ಚಕ್ಕೋತಕ್ಕಿಲ್ಲ.