ಕರಿ ನಾಕು

ಕೈತಾನ ಮಾಸ್ತರರ ಹತ್ತು ಬೆರಳಿನ ಕೆಲಸ
ನನ್ನ ಒಂದ ಒಂದು ಉಕ್ಕಿನ ತುಂಡಿಗೆ ಬಂದು ಕುಂತೈತಿ.

ಆ ತುಂಡೂ ನಾನ ಕಡದದ್ದು. ಉದ್ಯಮಬಾಗ, ರಾತ್ರಿ ಪಾಳಿ,
ಹೈಡ್ರಾಲಿಕ್ ಸಿಲಿಂಡರಿನ ರಿಜೆಕ್ಟಾದ ಪಿಸ್ಟನ್ ರಾಡು.
ಲೇಥಿಗೆ ಕಟ್ಟಿ ಮೂಗು ದುಂಡಗ ಮಾಡಿ
ಕ್ರೋಮ್ ಮಾಡಾವಗ ನಾಕು ದಿನ ಚಹಾ ಕುಡಿಸಿದೆ.
ಕೆಳಗ ಮೂರು ಪೆಡಲು, ಮೊಣಕಾಲಿಗೆ ಎರಡು ಲಿವರು,
ಸರಳು, ಸ್ಪ್ರಿಂಗು, ಹಳೇ ಮೊಪೆಡ್ಡಿನ ಬ್ರೇಕ್ ವಾಯರು.
ನೋಡಿದವರು ಕೇಳತಾರ:
ಇದು ಗಿಟಾರೋ, ಇಸ್ತ್ರಿ ಮೇಜೋ?

ಹಾಡು ಹಳೇದು. ಸುರುವಿನ ಎಂಟು ಆವರ್ತ ಬರೇ ಕೀಬೋರ್ಡು.
ಅದು ಹತ್ತಿದರ ಖಡೇಬಜಾರದಾಗ
ಬಟಾಣಿ ತೂಗಾವನ ಕೈ ತಕ್ಕಡಿ ಮ್ಯಾಲ ನಿಲ್ಲತೈತಿ.

ಕೀಬೋರ್ಡಿನ ಸ್ವರಕ್ಕ ಗ್ವಾಡಿ ಐತಿ, ಹೊಸ್ತಿಲ ಐತಿ.
ನನ್ನ ಸ್ವರಕ್ಕ ಎಲ್ಲಾ ಬಯಲು.
ಮಾಸ್ತರು ನಾಕು ಮನಿ ಒಮ್ಮೆಲೆ ಒತ್ತಿದಲ್ಲಿ
ನನ್ನ ಉಕ್ಕು ಒಂದ ಗೆರಿ ಮ್ಯಾಲ ನೆಟ್ಟಗ ಮಲಗತೈತಿ:
ಮೂರು ಸಿಗತಾವ,
ನಾಕನೇದು ಬಾಜೂಮನ್ಯಾಗ ಕುಂತು ನಗತೈತಿ.
ಎಡಗಾಲು ತುಳದೆ. ಐದನೇ ತಂತಿ ಬಿಗಿದು
ಅದೊಂದ ಏರಿತು, ಉಳದಾವು ಅಲ್ಲೇ ನಿಂತಾವು.
ಸಿಕ್ಕಿತು ಅನ್ನೂದರಾಗ ಕೈ ತನ್ನ ಚಟಕ್ಕ ಜಾರಿತು.
ಜಾರಬ್ಯಾಡ, ಅಂದೆ ಕೈಗೆ. ಮೆಟ್ಟಲಾ ಇಳದಂಗ ಇಳಿ.
ಜಾರಾಕಂತನ ಹುಟ್ಟಿದ್ದಕ್ಕ
ಮೆಟ್ಟಲಾ ಕಲಿಸೂದ್ರಾಗ ಮಳಿಗಾಲ ಮುಗೀತು.

ವಡಗಾವ್ಯಾಗ ಹಗಲೆಲ್ಲಾ ಢವಳಿಯವರ ಪಾವರ್‌ಲೂಮು,
ಖಟಪಟ ಖಟಪಟ, ನಾ ಕೇಳದ ತಾಳ.
ಕರೆಂಟ್ ಹೋದರ ಮಗ್ಗ ನಿಲ್ಲತಾವ,
ಖರೇ, ನನ್ನ ಆಂಪ್ಲಿಫೈಯರೂ ನಿಂತಿರತೈತಿ.
ಆಗ ಕಟ್ಟಿಗಿಗೆ ಕಿವಿ ಹಚ್ಚಿ ಬಾರಿಸತೀನಿ.
ಸಕ್ರಿ ಡಬ್ಬ್ಯಾಗ ಇರಿವಿ ಹರದಾಡಿದಂಗ
ಹಾಡು.

ಹಂಗ ಒಂದಿನ, ಸಂಜೀಮುಂದ, ಸಿಕ್ಕಿಬಿದ್ದೆ.
ಐದನೇ ಆವರ್ತದಾಗ ನನ್ನ ಕೈ ಒಂದು ಸ್ವರ ಬಾರಿಸಿತು,
ಕ್ಯಾಸೆಟ್ಟಿನಾಗ ಇಲ್ಲದ್ದು.
ತಪ್ಪಲ್ಲ, ಇಂಪಾಗೇ ಇತ್ತು.
ಹಾಡು ಮಾತ್ರ ಬ್ಯಾರೆಯವರದಾಗಿತ್ತು.

ಸೈಕಲ್ ಹೊಡಕೊಂಡು ಕ್ಯಾಂಪಿಗೆ ಹೋದೆ.
ಮಾಸ್ತರು ಪಡಸಾಲ್ಯಾಗ ಅವರಿಕಾಯಿ ಸುಲಿತಿದ್ದರು,
ಒಂದ ಕೈಲೆ. ಇನ್ನೊಂದು ತೊಡಿ ಮ್ಯಾಲ ತಾನ ನಡಗತಿತ್ತು.
ಕೇಳಿ ಅಷ್ಟು ನಕ್ಕರು, ಕಾಳು ಚೆಲ್ಲಿದವು.
"ಬಾಡಿಗಿ ಕೀಬೋರ್ಡು, ಭರಮಾ! ಕರಿ ನಾಕು ಸತ್ತಿತ್ತು.
ಒತ್ತಿದರ ಟಪ್ ಅನ್ನತಿತ್ತು, ಅಷ್ಟ.
ನಾ ಬಿಟ್ಟಿಲ್ಲ. ಒತ್ತೀನಿ. ಕಿವಿಗೊಟ್ಟು ಕೇಳು.
ಮಂದಿ ಅದನ್ನ ವಿರಹ ಅಂದರು.
ನಾ ಯಾಕ ಬ್ಯಾಡನ್ಲಿ?"

ಮನಿಗೆ ಬಂದು ಟೇಪಿಗೆ ಕಿವಿ ಹಚ್ಚಿದೆ. ಐತಿ.
ಉಗುರು ಬಾಗಲಾ ತಟ್ಟಿದಷ್ಟು: ಟಪ್.

ನನ್ನ ಹತ್ತೂ ತಂತಿ ಜೀವಂತ.
ಸತ್ತ ಮನಿ ಎಲ್ಲಿಂದ ತರ್ಲಿ?
ಅಂಗೈ ಅಂಚಿಲೆ ತಂತಿ ಬಾಯಿ ಮುಚ್ಚತೀನಿ,
ಪೆಡಲು ತುಳೀತೀನಿ:
ಒಳಗ ತಂತಿ ಬಿಗಿದು ಆ ಸ್ವರಕ್ಕ ಏರತೈತಿ,
ಯಾರಿಗೂ ಕೇಳೂದಿಲ್ಲ.
ಎರಡನೇ ಪೆಡಲಿನ ಕೀಲು ಮಾತ್ರ ಟಪ್ ಅನ್ನತೈತಿ.
ಆ ಸಪ್ಪಳ ಕೊಲ್ಲಾಕ ಎರಡು ವರ್ಷ
ಮಷೀನ್ ಎಣ್ಣಿ ಹನಸಿದ್ದೆ.

ನಿನ್ನೆ ಅರಿವಿಲೆ ಒರಸಿ ಒಣಗಿಸಿಟ್ಟೆ.